ಮೂವತ್ತೇಳು ಜನ, ಒಂದು ಗಿರಿ: ಮನೆಮಂದಿಯೆಲ್ಲ ಸೇರಿ ಮುಳ್ಳಯ್ಯನಗಿರಿಗೆ ಹೋಗುವುದು ಹೇಗೆ

2019ರ ದಸರಾ ರಜೆಯ ಭಾನುವಾರ. ಮಧ್ಯಾಹ್ನ ಹನ್ನೆರಡೂವರೆ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ದಾರಿಯ ಕೈಮರದ ಚೆಕ್‌ಪೋಸ್ಟ್ ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ. ಮುಂದೆ ಕಾರಿನ ಸಾಲು, ಹಿಂದೆ ಕಾರಿನ ಸಾಲು, ನಡುವೆ ನಮ್ಮ ಬಸ್ಸು. ಒಳಗೆ ಮೂವತ್ತು ಜನ. ಧಾರವಾಡದ ಚಿಕ್ಕಪ್ಪ ಐದು ನಿಮಿಷಕ್ಕೊಮ್ಮೆ ವಾಚು ನೋಡಿಕೊಳ್ಳುತ್ತಿದ್ದರು. ಸಂಜೆ ಕಡೂರಿನಲ್ಲಿ ಅವರಿಗೆ ರೈಲಿತ್ತು. ಕಿಟಕಿಯಾಚೆ ಬಗ್ಗಿ ನೋಡಿ, "ಏನವಾ, ಗುಡ್ಡ ಎಲ್ಲೈತಿ? ಬರೇ ಮಂಜ ಕಾಣಾಕತ್ತೈತಲ್ಲ" ಎಂದರು. ಅಂತೂ ಎರಡು ಗಂಟೆಗೆ ಚೆಕ್‌ಪೋಸ್ಟ್ ಮುಟ್ಟಿದರೆ, ಇಷ್ಟುದ್ದದ ಬಸ್ಸನ್ನು ಮೇಲೆ ಬಿಡುವುದಿಲ್ಲ ಎಂದರು. ರಸ್ತೆ ಪಕ್ಕ ನಿಂತುಕೊಂಡೇ ಪುಳಿಯೋಗರೆ ತಿಂದು ವಾಪಸ್ ಬಂದೆವು. ಚಿಕ್ಕಪ್ಪನ ರೈಲೂ ತಪ್ಪಿತು.

ಬಸ್ಸು ಗೊತ್ತು ಮಾಡಿದ್ದವಳು ನಾನೇ. ದಿನ ಗೊತ್ತು ಮಾಡಿದ್ದವಳೂ ನಾನೇ. ಆಮೇಲೆ ಎರಡು ವರ್ಷ ಯಾವ ಮದುವೆಗೆ ಹೋದರೂ "ಏನಮ್ಮಾ, ಬೆಟ್ಟ ತೋರಿಸ್ತೀನಿ ಅಂತ ರೋಡ್ ತೋರಿಸಿದೆಯಲ್ಲ" ಅನ್ನೋ ಮಾತು ಕೇಳಿಸಿಕೊಂಡೆ.

ನಾನು ಕಡೂರಿನ ಹೆಣ್ಣುಮಗಳು. ಈಗ ಇರುವುದು ತುಮಕೂರಿನಲ್ಲಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಸಂಜೆ ಲೆಕ್ಕ ತಾಳೆ ಆಗದೆ ಮನೆಗೆ ಹೋಗಿ ಅಭ್ಯಾಸ ಇಲ್ಲ. ಹಾಗಾಗಿ ಈ ಲೆಕ್ಕವನ್ನೂ ಬಿಡಲಿಲ್ಲ. 2023ರ ಜನವರಿಯಲ್ಲಿ ಮತ್ತೆ ಎಲ್ಲರನ್ನೂ ಸೇರಿಸಿದೆ. ನಮ್ಮಜ್ಜನಿಗೆ ಏಳು ಮಕ್ಕಳು. ಆ ಏಳು ಕವಲಿನಿಂದ ಬಂದವರು ಮೂವತ್ತೇಳು ಜನ. ಎಲ್ಲರಿಗಿಂತ ದೊಡ್ಡವರು 79ರ ದೊಡ್ಡಮ್ಮ, ಚಿಕ್ಕದು ಎರಡು ವರ್ಷದ ಮೊಮ್ಮಗು. ಆ ಸಲ ಎಲ್ಲರೂ ಗಿರಿ ನೋಡಿದರು, ಯಾರ ರೈಲೂ ತಪ್ಪಲಿಲ್ಲ. ಹೇಗೆ ಮಾಡಿದೆವು ಅನ್ನೋದನ್ನು ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಯೋಚನೆ ಇದ್ದರೆ ನಾನು ಬಿದ್ದ ಹಳ್ಳಕ್ಕೆ ನೀವು ಬೀಳುವುದು ಬೇಡ.

ಈ ಬೆಟ್ಟವೇ ಯಾಕೆ

ನಿಜ ಹೇಳಬೇಕೆಂದರೆ ಐಡಿಯಾ ನನ್ನದಲ್ಲ. ನಮ್ಮ ಸೋದರತ್ತೆ ಮಗಳು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದಾಳೆ. ಅಲ್ಲಿ ಪ್ರತಿ ರಾಜ್ಯದ ಅತಿ ಎತ್ತರದ ಜಾಗವನ್ನು ಮುಟ್ಟಿ ಬರುವುದೇ ಒಂದು ಹವ್ಯಾಸವಂತೆ. ಅವಳ ಗಂಡನಿಗೂ ಆ ಹುಚ್ಚಿದೆ. ಅವರ ರಾಜ್ಯದ್ದು ಮೌಂಟ್ ಮಿಚೆಲ್, 2,037 ಮೀಟರ್. ತುದಿಯ ಹತ್ತಿರದವರೆಗೂ ಕಾರು ಹೋಗುತ್ತದೆ, ಆಮೇಲೆ ಚೂರು ನಡೆದರೆ ಸಾಕು. ಒಂದು ಸಲ ಫೋನಿನಲ್ಲಿ ಅವನು "ನಿಮ್ಮ ಕರ್ನಾಟಕದ ತುದಿ ಯಾವುದು?" ಅಂತ ಕೇಳಿದ. ಹೇಳಿದೆ. "ನೀವು ಹತ್ತಿದ್ದೀರಾ?" ಅಂದ. ಬಾಯಿ ಮುಚ್ಚಿಕೊಂಡೆ. ಕಡೂರಿನಲ್ಲಿ ಹುಟ್ಟಿ, ಚಿಕ್ಕಮಗಳೂರಿಗೆ ನೂರು ಸಲ ಬಸ್ಸಿನಲ್ಲಿ ಹೋಗಿ ಬಂದವಳು, ಗಿರಿ ಮಾತ್ರ ಹತ್ತಿರಲಿಲ್ಲ.

ಮುಳ್ಳಯ್ಯನಗಿರಿ 1,930 ಮೀಟರ್. ಕೆಲವು ಕಡೆ 1,925 ಅಂತಲೂ ಬರೆದಿರುತ್ತಾರೆ, ಆ ಐದು ಮೀಟರಿಗೆ ನಾವು ಜಗಳ ಆಡುವುದು ಬೇಡ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಮನೆಮಂದಿಯೆಲ್ಲ ಸೇರುವುದಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಯಾಕೆಂದರೆ ಗಾಡಿ ಬಹಳ ಮೇಲಿನವರೆಗೂ ಹೋಗುತ್ತದೆ. ಕೊನೆಗೆ ಉಳಿಯುವುದು ನಾಲ್ಕೈದು ನೂರು ಮೆಟ್ಟಿಲು. ಕುದುರೆಮುಖ 1,894 ಮೀಟರ್, ಇದಕ್ಕಿಂತ ಗಿಡ್ಡ. ಆದರೆ ಅದಕ್ಕೆ ಬೆಳಗಿಂದ ಸಂಜೆವರೆಗೆ ಹೋಗಿ ಬರುವ ಇಪ್ಪತ್ತು ಕಿಲೋಮೀಟರ್ ನಡಿಗೆ. ಅದು ಸ್ನೇಹಿತರ ಜೊತೆ ಹೋಗುವ ಬೆಟ್ಟ, ದೊಡ್ಡಮ್ಮನ ಜೊತೆ ಹೋಗುವ ಬೆಟ್ಟ ಅಲ್ಲ.

ಇನ್ನೊಂದು ಕಾರಣ ನಮ್ಮ ಮನೆಯದು. ಕಡೂರಿನ ಪಕ್ಕ ಹರಿಯುವ ವೇದಾವತಿಯ ನೀರು ಬರುವುದು ಇದೇ ಗಿರಿ ಸಾಲಿನಿಂದ. ವೇದಾ, ಅವತಿ ಅಂತ ಎರಡು ಹೊಳೆ ಇಲ್ಲಿ ಹುಟ್ಟಿ, ಮುಂದೆ ಸೇರಿ ವೇದಾವತಿ ಆಗುತ್ತದೆ. ಅದೇ ನೀರು ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತದೆ. ನಮ್ಮಜ್ಜನ ತೆಂಗಿನ ತೋಟ ಬದುಕಿದ್ದು ಆ ಹೊಳೆಯ ಬದಿಯಲ್ಲಿ. ಇದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇ ತಡ, "ನೋಡೋಣ, ರಜೆ ಸಿಕ್ಕರೆ" ಅನ್ನುತ್ತಿದ್ದವರೆಲ್ಲ ಬರುತ್ತೇವೆ ಅಂದರು. ನಿಮ್ಮ ಮನೆಗೂ ಬೆಟ್ಟಕ್ಕೂ ಇಂಥ ಏನಾದರೂ ನಂಟು ಇದ್ದರೆ ಮೊದಲೇ ಹೇಳಿಬಿಡಿ. ಬರೀ "ಅತಿ ಎತ್ತರದ ಶಿಖರ" ಅಂದರೆ ಹಿರಿಯರು ಏಳುವುದಿಲ್ಲ.

ಬೆಟ್ಟ ನಡುವಿನ ದಿನಕ್ಕಿರಲಿ

ನನ್ನ ಮೊದಲ ಸಲದ ಮುಖ್ಯ ತಪ್ಪು ಬಸ್ಸಿನದಲ್ಲ, ದಿನದ್ದು. ಬೆಟ್ಟವನ್ನು ಕೊನೆಯ ದಿನಕ್ಕೆ ಇಟ್ಟಿದ್ದೆ. ಮದುವೆ ಊಟದಲ್ಲಿ ಸಿಹಿ ಕೊನೆಗೆ ಬರಲಿ ಅನ್ನೋ ಹಾಗೆ. ಕೊನೆಯ ದಿನ ಎಲ್ಲರ ತಲೆಯಲ್ಲೂ ಬ್ಯಾಗು, ರೈಲು, ನಾಳೆ ಆಫೀಸು. ಮಂಜು ಮುಚ್ಚಿದರೆ ಇನ್ನೊಂದು ಬೆಳಗ್ಗೆ ಇರುವುದಿಲ್ಲ.

ಹಾಗಂತ ಮೊದಲ ದಿನವೂ ಬೇಡ. ರಾತ್ರಿ ಪ್ರಯಾಣ ಮಾಡಿ ಬಂದವರಿಗೆ ನಿದ್ದೆ ಇರುವುದಿಲ್ಲ, ತಿರುವಿನ ರಸ್ತೆಯಲ್ಲಿ ವಾಂತಿ ಗ್ಯಾರಂಟಿ. ಅಲ್ಲದೆ ನಾಲ್ಕು ವರ್ಷದ ಮೇಲೆ ಸಿಕ್ಕ ಅಕ್ಕತಂಗಿಯರು ಮೊದಲ ದಿನ ಮಾತಾಡಬೇಕು. ಮಾತು ಮುಗಿಯದವರನ್ನು ಬೆಟ್ಟ ಹತ್ತಿಸಲು ಹೋದರೆ ಮೆಟ್ಟಿಲ ಮೇಲೇ ಕೂತು ಮಾತಾಡುತ್ತಾರೆ. ಕಂಡಿದ್ದೇನೆ.

2023ರಲ್ಲಿ ಗಣರಾಜ್ಯೋತ್ಸವ ಗುರುವಾರ ಬಂದಿತ್ತು. ಗುರುವಾರ ಮಧ್ಯಾಹ್ನದೊಳಗೆ ಎಲ್ಲರೂ ಬಂದು ಸೇರುವುದು, ಶುಕ್ರವಾರ ಬೆಳಗ್ಗೆ ಬೆಟ್ಟ, ಶನಿವಾರ ದೊಡ್ಡ ಊಟ ಮುಗಿಸಿ ಹೊರಡುವುದು ಅಂತ ಮಾಡಿದೆವು. ಕೆಲಸಕ್ಕೆ ಹೋಗುವವರು ಒಂದೇ ರಜೆ ಹಾಕಿದರೆ ಸಾಕಾಯಿತು. ಭಾನುವಾರ ಅವರವರ ಮನೆಯಲ್ಲಿ ಬಟ್ಟೆ ಒಗೆದುಕೊಳ್ಳಲಿಕ್ಕೆ.

ತಿಂಗಳ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಹಸಿರು ಕಣ್ಣಿಗೆ ಹಬ್ಬ, ಆದರೆ ಮೆಟ್ಟಿಲು ಜಾರುತ್ತದೆ, ಗಾಳಿ ಛತ್ರಿಯನ್ನು ಮಗುಚಿ ಹಾಕುತ್ತದೆ, ಹುಲ್ಲಲ್ಲಿ ಇಂಬಳ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಆ ತಿಂಗಳುಗಳಲ್ಲೂ ಪಂಚಾಂಗ ನೋಡಿಕೊಳ್ಳಿ. ಡಿಸೆಂಬರ್ ಹೊತ್ತಿಗೆ ದತ್ತ ಜಯಂತಿ ಬರುತ್ತದೆ. ಬಾಬಾಬುಡನ್‌ಗಿರಿಗೆ ಜನ ಸೇರುತ್ತಾರೆ, ಆಗ ಪ್ರವಾಸಿಗರಿಗೆ ಕೆಲವು ದಿನ ನಿರ್ಬಂಧ ಇರುತ್ತದೆ. ದೀಪಾವಳಿಯ ನರಕ ಚತುರ್ದಶಿಗೆ ಬಿಂಡಿಗದ ದೇವೀರಮ್ಮನ ಬೆಟ್ಟ ಹತ್ತಲು ಸಾವಿರಾರು ಜನ ಬರುತ್ತಾರೆ, ಅಲ್ಲಿಗೆ ಹತ್ತುವುದು ವರ್ಷಕ್ಕೆ ಆ ಒಂದೇ ಸಲ. ಹರಕೆ ಇದ್ದರೆ ಆಗಲೇ ಬನ್ನಿ. ಇಲ್ಲದಿದ್ದರೆ ಆ ವಾರ ಚಿಕ್ಕಮಗಳೂರಿನಲ್ಲಿ ರೂಮು ಹುಡುಕುವ ಸಾಹಸ ಬೇಡ.

ಉಳಿಯುವ ಜಾಗಕ್ಕೆ ಕೇಳಬೇಕಾದ ಪ್ರಶ್ನೆ

ಹೋಮ್‌ಸ್ಟೇಯವರಿಗೆ ಫೋನ್ ಮಾಡಿದರೆ ಎಲ್ಲರೂ ಮೊದಲು "ತಲೆಗೆ ಎಷ್ಟು" ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು "ಕಮೋಡ್ ಎಷ್ಟಿದೆ?" ನಗಬೇಡಿ. ಮಂಡಿ ನೋವಿನವರು ನಮ್ಮಲ್ಲಿ ಒಂಬತ್ತು ಜನ. ಬೆಳಗ್ಗೆ ಐದಕ್ಕೆ ಎದ್ದು ಐದೂವರೆಗೆ ಹೊರಡಬೇಕು ಅಂದಾಗ ಈ ಒಂದು ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ. ಆಮೇಲೆ ಕೇಳಿ: ಬಿಸಿನೀರು ಗೀಸರ್‌ದೋ ಹಂಡೆಯದೋ? ಕರೆಂಟು ಹೋದರೆ? ನೆಲಮಹಡಿಯಲ್ಲಿ ಎಷ್ಟು ರೂಮು? ಗೇಟಿನವರೆಗೂ ಟೆಂಪೋ ಟ್ರಾವೆಲರ್ ಬರುತ್ತದೋ, ಇಲ್ಲ ಕೊನೆಯ ಒಂದು ಕಿಲೋಮೀಟರ್ ಜೀಪೋ? ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತೆ?

ಇವೆಲ್ಲ ಕೇಳಿದ ಮೇಲೆ ನಾವು ಹಿಡಿದಿದ್ದು ಊರಿನಿಂದ ಸ್ವಲ್ಪ ಆಚೆ ತೋಟದ ನಡುವಿನ ಒಂದು ಮನೆ. ಇಡೀ ಮನೆ ನಮಗೇ. ಜನವರಿ ಅಂದರೆ ಕಾಫಿ ಕುಯ್ಲಿನ ಕಾಲ. ಮನೆಯ ಮುಂದಿನ ಕಣದ ತುಂಬ ಕಾಫಿ ಹಣ್ಣು ಹರವಿದ್ದರು. ನಮ್ಮ ಹುಡುಗರು ಇಳಿದವರೇ ಅದರ ಮೇಲೆ ಓಡಿಬಿಟ್ಟರು. ಮನೆಯವರು ಪಾಪ ಏನೂ ಅನ್ನಲಿಲ್ಲ, ಮುಖ ಮಾತ್ರ ಸಣ್ಣಗಾಯಿತು. ಮಕ್ಕಳಿಗೆ ಬಸ್ಸಿನಲ್ಲೇ ಹೇಳಿಡಿ: ಕಣ ಆಟದ ಮೈದಾನ ಅಲ್ಲ.

ಬರುವ ದಾರಿ ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನವರು ಹಾಸನ, ಬೇಲೂರಿನ ಮೇಲೆ ಬರಬಹುದು, ಸುಮಾರು 245 ಕಿಲೋಮೀಟರ್. ಹುಬ್ಬಳ್ಳಿ ಧಾರವಾಡದವರಿಗೆ ಕಡೂರು ಜಂಕ್ಷನ್, ಅಲ್ಲಿಂದ ನಲವತ್ತು ಕಿಲೋಮೀಟರ್. ಮಂಗಳೂರಿನ ತಮ್ಮ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಎರಡು ಗಂಟೆ ತಡವಾಗಿ ಬಂದ. ಅವನು ಪ್ರತಿ ಸಲ ಹಾಗೇ.

ಗಾಡಿ ಮತ್ತು ಚೆಕ್‌ಪೋಸ್ಟ್

ದೊಡ್ಡ ಬಸ್ಸಿನ ಆಸೆ ಬಿಡಿ. ಎಲ್ಲರೂ ಒಂದೇ ಬಸ್ಸಿನಲ್ಲಿ ಹಾಡು ಹೇಳಿಕೊಂಡು ಹೋಗುವುದು ಚೆಂದವೇ, ಆದರೆ ಗಿರಿಯ ರಸ್ತೆ ಸಣ್ಣದು, ಎದುರು ಗಾಡಿ ಬಂದರೆ ಒಬ್ಬರು ಹಿಂದೆ ಹೋಗಬೇಕಾದ ಜಾಗಗಳಿವೆ. ಎರಡನೇ ಸಲ ಎರಡು ಟೆಂಪೋ ಟ್ರಾವೆಲರ್, ಎರಡು ಕಾರು ಮಾಡಿಕೊಂಡೆವು. ಡ್ರೈವರ್ ಚಿಕ್ಕಮಗಳೂರಿನವರೇ ಇರಲಿ. ಬಯಲುಸೀಮೆಯ ಡ್ರೈವರಿಗೆ ಇನ್ನೂರು ಕಿಲೋಮೀಟರ್ ಹೆದ್ದಾರಿ ಲೆಕ್ಕಕ್ಕಿಲ್ಲ, ಮಂಜಿನಲ್ಲಿ ಹತ್ತು ಕಿಲೋಮೀಟರ್ ಘಾಟಿ ಬೇರೆ ವಿದ್ಯೆ.

ಈಗ ಇನ್ನೊಂದು ಕೆಲಸ ಸೇರಿಕೊಂಡಿದೆ. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ಬುಕಿಂಗ್ ತಂದಿದೆ. ಬೆಳಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು ಸರದಿ, ಒಂದೊಂದಕ್ಕೂ ಇಷ್ಟೇ ಗಾಡಿ ಅಂತ ಮಿತಿ. ಮುಂದಿನ ಸಲಕ್ಕೆ ನಾನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ನಾಲ್ಕು ಗಾಡಿ ಇದ್ದರೆ ನಾಲ್ಕಕ್ಕೂ ಒಂದೇ ಸರದಿ ಸಿಗಬೇಕು. ಹಾಗಾಗಿ ಬುಕಿಂಗ್ ಒಬ್ಬರೇ ಮಾಡಿ. "ನಮ್ಮ ಕಾರಿನದು ನಾವೇ ಮಾಡ್ಕೋತೀವಿ ಬಿಡಿ" ಅನ್ನುವ ಭಾವಂದಿರನ್ನು ನಂಬಬೇಡಿ. ಗಾಡಿ ನಂಬರ್ ಮೊದಲೇ ಬರೆದುಕೊಳ್ಳಿ. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಇನ್ನೊಂದು ಸಲ ನೋಡಿಕೊಳ್ಳಿ. ಬುಕಿಂಗ್ ಚೀಟಿಯನ್ನು ಫೋನಿನಲ್ಲಿ ಇಟ್ಟುಕೊಂಡರೂ ಒಂದು ಪ್ರಿಂಟ್ ಕೈಯಲ್ಲಿರಲಿ. ಫೋನಿನ ಚಾರ್ಜು ಮುಗಿಯುವುದೇ ಇಂಥ ಹೊತ್ತಿಗೆ.

ಬೆಳಗಿನ ಸರದಿಯೇ ಸರಿ. ಮಧ್ಯಾಹ್ನದ ಹೊತ್ತಿಗೆ ರಶ್ ಜಾಸ್ತಿ, ಊಟದ ಮೇಲೆ ತಿರುವಿನ ರಸ್ತೆ ಹೊಟ್ಟೆಗೂ ಒಗ್ಗುವುದಿಲ್ಲ.

ಎಲ್ಲರೂ ತುದಿಗೆ ಹೋಗಬೇಕಿಲ್ಲ

ಇಡೀ ಪ್ರವಾಸದಲ್ಲಿ ನಾನು ಬುದ್ಧಿವಂತಿಕೆಯಿಂದ ಮಾಡಿದ ಕೆಲಸ ಇದೊಂದೇ ಅಂತ ಕಾಣುತ್ತದೆ. ಹಿಂದಿನ ರಾತ್ರಿ ಊಟ ಆದ ಮೇಲೆ ಒಂದು ಹಾಳೆ ತೆಗೆದುಕೊಂಡು ಮೂರು ಪಟ್ಟಿ ಬರೆದೆ. ಸರ್ಪದಾರಿಯವರು, ಮೆಟ್ಟಿಲಿನವರು, ಸೀತಾಳಯ್ಯನವರು.

ಸರ್ಪದಾರಿ ಅಂದರೆ ಕೆಳಗೆ ರಸ್ತೆ ಬದಿಯಿಂದ ಹುಲ್ಲುಗಾವಲಿನ ಅಂಚಿನಲ್ಲಿ ಹಾವಿನ ಹಾಗೆ ಸುತ್ತಿಕೊಂಡು ತುದಿಗೆ ಹೋಗುವ ಕಾಲುದಾರಿ. ಅಲ್ಲಲ್ಲಿ ಕಡಿದಾಗಿದೆ, ಅಭ್ಯಾಸ ಇಲ್ಲದವರಿಗೆ ಎರಡು ಗಂಟೆ ಹಿಡಿಯುತ್ತದೆ. ಕಾಲೇಜು ಹುಡುಗರು ಹುಡುಗಿಯರು, ನಾರ್ತ್ ಕೆರೊಲಿನಾದ ಅಳಿಯ, ಮತ್ತು ತಮಗಿನ್ನೂ ಇಪ್ಪತ್ತೈದು ಅಂದುಕೊಂಡಿರುವ ನನ್ನ ಯಜಮಾನರು, ಒಟ್ಟು ಹನ್ನೊಂದು ಜನ ಈ ಪಟ್ಟಿಗೆ ಬಂದರು. ಈ ದಾರಿಯಲ್ಲಿ ಹೋಗುವವರಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಅಂತ ಮೊದಲೇ ಕೇಳಿಕೊಳ್ಳಿ. ಸ್ಥಳೀಯರೊಬ್ಬರು ಜೊತೆಗಿರಲಿ. ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನವರು ಕಾಣುವುದಿಲ್ಲ.

ಮೆಟ್ಟಿಲಿನವರು ಹತ್ತೊಂಬತ್ತು ಜನ. ಗಾಡಿ ಮೆಟ್ಟಿಲಿನ ಬುಡದವರೆಗೂ ಹೋದರೆ ಸರಿ. ರಶ್ ಇದ್ದರೆ ಅದಕ್ಕೂ ಮೊದಲು ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿಯಲ್ಲೇ ನಿಲ್ಲಿಸುತ್ತಾರೆ, ಅಲ್ಲಿಂದ ಬಾಡಿಗೆ ಜೀಪು ಅಥವಾ ಕಾಲ್ನಡಿಗೆ.

ಸೀತಾಳಯ್ಯನವರು ಏಳು ಜನ. ಮಂಡಿ ಆಪರೇಷನ್ ಆದವರು, ಎದೆಯ ತೊಂದರೆ ಇರುವವರು, ಮಗು ಮತ್ತು ಮಗುವಿನ ತಾಯಿ. ಇವರಿಗೆ ಸೀತಾಳಯ್ಯನಗಿರಿಯೇ ಶಿಖರ. ಅಲ್ಲಿ ಸೀತಾಳ ಮಲ್ಲಿಕಾರ್ಜುನನ ಹಳೆಯ ಗುಡಿ ಇದೆ, ಕೂರಲು ಜಾಗ ಇದೆ, ಎದುರಿಗೇ ಮುಳ್ಳಯ್ಯನಗಿರಿಯ ತಲೆ ಕಾಣುತ್ತದೆ. ಇವರನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. "ನಾವು ಇಲ್ಲೇ ಇರ್ತೀವಿ, ನೀವು ಹೋಗಿ ಬನ್ನಿ" ಅಂತ ಅವರೇ ಹೇಳುತ್ತಾರೆ. ಆ ಮಾತನ್ನು ನಂಬಿದರೆ ಸಂಜೆ ಫೋಟೋ ತೋರಿಸುವಾಗ ಅವರ ಮುಖ ನೋಡಲಾಗುವುದಿಲ್ಲ.

ಗಡಿಯಾರ ಹೀಗಿತ್ತು. ಆರಕ್ಕೆ ಕೈಮರ. ಆರೂವರೆಗೆ ಸರ್ಪದಾರಿಯವರು ಇಳಿದರು. ಮೆಟ್ಟಿಲಿನವರು ಅವಸರ ಮಾಡದೆ ಸೀತಾಳಯ್ಯನಲ್ಲಿ ಥರ್ಮಾಸಿನ ಕಾಫಿ ಕುಡಿದು, ಏಳೂ ಮುಕ್ಕಾಲಿಗೆ ಮೊದಲ ಮೆಟ್ಟಿಲು. ಎಂಟೂವರೆ ಹೊತ್ತಿಗೆ ಎರಡೂ ತಂಡ ತುದಿಯಲ್ಲಿ ಸೇರುವುದು. ಹತ್ತಕ್ಕೆ ಎಲ್ಲರೂ ಸೀತಾಳಯ್ಯನಗಿರಿಗೆ ವಾಪಸ್, ಅಲ್ಲಿ ಒಟ್ಟಿಗೆ ತಿಂಡಿ. ಮೂವತ್ತೇಳು ಜನರ ಫೋಟೋ ತುದಿಯಲ್ಲಿ ಅಲ್ಲ, ಅಲ್ಲಿ. ಇದನ್ನು ಹಿಂದಿನ ರಾತ್ರಿಯೇ ಗಟ್ಟಿಯಾಗಿ ಹೇಳಿದ್ದೆ.

ದೊಡ್ಡಮ್ಮನ ಹೆಸರು ಸೀತಾಳಯ್ಯನ ಪಟ್ಟಿಯಲ್ಲಿತ್ತು. ಬೆಳಗ್ಗೆ ನೋಡಿದರೆ ಅವರು ಕ್ಯಾನ್ವಾಸ್ ಶೂ ಹಾಕಿಕೊಂಡು, ಸೀರೆಯನ್ನು ಎರಡಿಂಚು ಮೇಲೆತ್ತಿ ಸಿಕ್ಕಿಸಿಕೊಂಡು, ಮೆಟ್ಟಿಲಿನವರ ಗಾಡಿಯಲ್ಲಿ ಕೂತಿದ್ದಾರೆ. "ದೊಡ್ಡಮ್ಮಾ, ಡಾಕ್ಟರ್ ಏನಂದಿದ್ರು?" ಅಂದೆ. "ನಿಧಾನಕ್ಕೆ ನಡೀರಿ ಅಂದಿದ್ರು. ನಾನು ನಿಧಾನಕ್ಕೇ ನಡೀತೀನಿ" ಅಂದರು. ಇಪ್ಪತ್ತು ಮೆಟ್ಟಿಲು ಹತ್ತುವುದು, ನಿಲ್ಲುವುದು. ನಿಂತಾಗ ಕಲ್ಲಿನ ಮೇಲೆ ಅಂಗೈ ಊರಿ ಕೆಳಗೆ ನೋಡುವುದು. ಮಾತಿಲ್ಲ. ಹಿಂದೆ ನಾನು, ಮುಂದೆ ಅವರ ಮೊಮ್ಮಗ. ಎರಡು ಕಡೆ ಕೂತುಬಿಟ್ಟರು. ಎರಡನೇ ಸಲ ಕೂತಾಗ ಸೆರಗಿನ ಗಂಟು ಬಿಚ್ಚಿ ಒಂದು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ನನಗೂ ಒಂದು ಕೊಟ್ಟರು. ಅದಕ್ಕೆ ಅರಿಶಿನದ ವಾಸನೆ ಇತ್ತು. ಐವತ್ತು ನಿಮಿಷ ಹಿಡಿಯಿತು. ಮೊಮ್ಮಗ ಮೆಟ್ಟಿಲು ಎಣಿಸುತ್ತಿದ್ದ, ಮುಂದೆ ಹೋದವನೊಬ್ಬ ಬೇರೆ ಎಣಿಸಿದ್ದ. ಮೇಲೆ ಹೋದ ಮೇಲೆ ಇಬ್ಬರ ಲೆಕ್ಕವೂ ಸೇರಲಿಲ್ಲ. ಜಗಳ ಇಳಿಯುವ ತನಕ ನಡೆಯಿತು.

ವಯಸ್ಸಾದವರು ಹೀಗೆ ಹಟ ಹಿಡಿದರೆ ಬೇಡ ಅನ್ನಬೇಕೋ ಬಿಡಬೇಕೋ ಅನ್ನೋದು ಅವರವರ ಆರೋಗ್ಯದ ಮೇಲೆ. ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಹತ್ತುತ್ತಾ ಮಾತಾಡಲು ಆಗಬೇಕು. ಒಂದು ವಾಕ್ಯದ ನಡುವೆ ಎರಡು ಸಲ ಉಸಿರು ಎಳೆದರೆ ಕೂರಬೇಕು. ಎದೆ ಹಿಡಿದ ಹಾಗಾದರೆ ಅಲ್ಲಿಂದಲೇ ಕೆಳಗೆ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರು ಆ ಬೆಳಗ್ಗೆ ಯಾವಾಗ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಕೇಳಿ ಬರಲಿ. ಮಾತ್ರೆ ನುಂಗಿ ಗಾಡಿಯಲ್ಲಿ ಕೂತರೆ ತಿರುವು ತಿರುವಿಗೂ ಗಾಡಿ ನಿಲ್ಲಿಸಬೇಕು, ನಿಲ್ಲಿಸಲು ಜಾಗ ಇರುವುದಿಲ್ಲ.

ತುದಿಯಲ್ಲಿ ಇರುವುದು ಗೋಡೆ ಸುತ್ತಿದ ಒಂದು ಚಿಕ್ಕ ಗುಡಿ. ಮುಳ್ಳಪ್ಪ ಸ್ವಾಮಿ ಅನ್ನುವ ತಪಸ್ವಿಯ ಗದ್ದುಗೆ ಅದು, ಬೆಟ್ಟಕ್ಕೆ ಹೆಸರು ಬಂದದ್ದೂ ಅವರಿಂದಲೇ. ಚಪ್ಪಲಿ ಹೊರಗೆ ಬಿಡಬೇಕು, ಕಲ್ಲು ಐಸಿನ ಹಾಗೆ ಇರುತ್ತದೆ, ದಪ್ಪ ಸಾಕ್ಸು ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ನಮಗೆ ಮೊದಲು ಇಪ್ಪತ್ತು ನಿಮಿಷ ಏನೂ ಕಾಣಲಿಲ್ಲ, ಬರೀ ಬಿಳಿ. ಆಮೇಲೆ ಗಾಳಿ ಬಂತು, ಕೆಳಗಿನ ರಸ್ತೆ ಒಂದು ದಾರದ ಹಾಗೆ ಕಂಡಿತು, ಮತ್ತೆ ಮುಚ್ಚಿತು. ಧಾರವಾಡದ ಚಿಕ್ಕಪ್ಪ ಆ ಒಂದು ನಿಮಿಷದಲ್ಲಿ ಬೆನ್ನು ತಿರುಗಿಸಿ ಫೋನ್ ಹುಡುಕುತ್ತಿದ್ದರು. ಅವರ ನಸೀಬು.

ಮೈಮೇಲೆ, ಕಾಲಲ್ಲಿ, ಡಬ್ಬಿಯಲ್ಲಿ

ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಗಿರಿ ಅದಕ್ಕಿಂತ ಎಂಟುನೂರು ಮೀಟರಿಗೂ ಜಾಸ್ತಿ ಮೇಲೆ. ಅಂದರೆ ಊರಿಗಿಂತ ನಾಲ್ಕೈದು ಡಿಗ್ರಿ ಚಳಿ ಹೆಚ್ಚು, ಅದರ ಮೇಲೆ ಗಾಳಿ. ಸ್ವೆಟರಿಗಿಂತ ಗಾಳಿ ತಡೆಯುವ ಜರ್ಕಿನ್ ಮುಖ್ಯ. ಕಿವಿ ಮುಚ್ಚುವ ಟೋಪಿ ಮಕ್ಕಳಿಗೂ ಬೋಳುತಲೆಯವರಿಗೂ ಕಡ್ಡಾಯ.

ಶೂ ಬಗ್ಗೆ ಒಂದು ಮಾತು. ವರ್ಷಗಟ್ಟಲೆ ಬೀರುವಿನ ಕೆಳಗೆ ಇಟ್ಟಿದ್ದ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬರಬೇಡಿ. ನೋಡಲು ಹೊಸದರಂತೆ ಇರುತ್ತದೆ, ಅಂಟು ಮಾತ್ರ ಸತ್ತುಹೋಗಿರುತ್ತದೆ. ನನ್ನ ಯಜಮಾನರ ಎಡಗಾಲಿನ ಅಟ್ಟೆ ಸರ್ಪದಾರಿಯ ಅರ್ಧದಲ್ಲಿ ಮೊಸಳೆಯಂತೆ ಬಾಯಿ ತೆರೆಯಿತು. ಮಗಳು ಜಡೆಗೆ ಹಾಕಿದ್ದ ಎರಡು ರಬ್ಬರ್ ಬ್ಯಾಂಡ್ ಕೊಟ್ಟಳು. ಐವತ್ತೆಂಟು ವರ್ಷದ ಮನುಷ್ಯ ಕಾಲಿಗೆ ಗುಲಾಬಿ ಬಣ್ಣದ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಕರ್ನಾಟಕದ ತುತ್ತತುದಿ ಮುಟ್ಟಿದರು. ಹೊರಡುವ ಒಂದು ವಾರ ಮೊದಲು ಆ ಶೂ ಹಾಕಿಕೊಂಡು ಬೀದಿಯಲ್ಲಿ ನಾಲ್ಕು ದಿನ ಓಡಾಡಿದ್ದರೆ ಮನೆಯಲ್ಲೇ ಗೊತ್ತಾಗುತ್ತಿತ್ತು.

ತಿಂಡಿಗೆ ಚಿತ್ರಾನ್ನ, ಮೊಸರನ್ನ, ಧಾರವಾಡದವರು ತಂದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಚಳಿಗೆ ರೊಟ್ಟಿ ಚಟ್ನಿಯೇ ಗೆದ್ದಿತು, ಚಿತ್ರಾನ್ನ ಗಟ್ಟಿಯಾಗಿ ಕೂತಿತ್ತು. ಹತ್ತುವ ಮೊದಲು ಹೊಟ್ಟೆ ತುಂಬಿಸಬೇಡಿ, ಬಾಳೆಹಣ್ಣು, ಬಿಸ್ಕತ್ತು ಸಾಕು. ವಾಂತಿ ಬರುವವರಿಗೆ ಮುಂದಿನ ಸೀಟು, ಕೈಯಲ್ಲೊಂದು ನಿಂಬೆಹಣ್ಣು. ಮುತ್ತುಗದ ಎಲೆ, ಸ್ಟೀಲ್ ಲೋಟ ತೆಗೆದುಕೊಂಡು ಹೋಗಿ. ಪ್ಲಾಸ್ಟಿಕ್ ಬೇಡ, ತಿಂದ ಎಲೆಯೂ ವಾಪಸ್ ಗಾಡಿಗೇ ಬರಲಿ. ಬೇಸಿಗೆ ಹತ್ತಿರವಾದರೆ ಆ ಹುಲ್ಲು ಒಂದು ಬೀಡಿಯ ಕಿಡಿಗೆ ಬೆಟ್ಟವೇ ಹೊತ್ತಿಕೊಳ್ಳುವಷ್ಟು ಒಣಗಿರುತ್ತದೆ. ನಮ್ಮಲ್ಲಿ ಬೀಡಿ ಸೇದುವ ಇಬ್ಬರ ಬೆಂಕಿಪೊಟ್ಟಣ ಕೈಮರದಲ್ಲೇ ನನ್ನ ಬ್ಯಾಗಿಗೆ ಬಂತು.

ಮಧ್ಯಾಹ್ನಕ್ಕೆ ಏನೂ ಇಟ್ಟುಕೊಳ್ಳಬೇಡಿ

ಗಿರಿಗೆ ಹೋದ ಮೇಲೆ ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಗಾಳಿಕೆರೆ, ಹೆಬ್ಬೆ ಜಲಪಾತ, ಕೆಮ್ಮಣ್ಣುಗುಂಡಿ ಎಲ್ಲವನ್ನೂ ಒಂದೇ ದಿನ ಮುಗಿಸಿಬಿಡೋಣ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ದೊಡ್ಡ ಭಾವ. ಅವರಿಗೆ ಒಂದು ಕಾರು ಕೊಟ್ಟು ಕಳಿಸಿಬಿಟ್ಟೆ. ಉಳಿದವರು ಹನ್ನೊಂದೂವರೆಗೆ ಮನೆಗೆ ಬಂದು, ಸ್ನಾನ ಮಾಡಿ, ಊಟ ಮಾಡಿ, ಉರುಳಿಕೊಂಡರು. ಸಂಜೆ ಜಗುಲಿಯಲ್ಲಿ ಅಜ್ಜನ ಟ್ರಂಕಿನ ಹಳೆಯ ಫೋಟೋ ಹರಡಿಕೊಂಡು ಕೂತೆವು. ಪ್ರತಿ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯುವ ಕೆಲಸ ಮಕ್ಕಳಿಗೆ, ಹೆಸರು ಹೇಳುವ ಕೆಲಸ ದೊಡ್ಡಮ್ಮನಿಗೆ. ಬೆಳಗ್ಗೆ ಒಟ್ಟಿಗೆ ಚಳಿಯಲ್ಲಿ ನಡುಗಿದ ಮಕ್ಕಳು ಸಂಜೆ ಒಂದೇ ಚಾಪೆಯಲ್ಲಿ ಕೂರುತ್ತಾರೆ. ಮೊದಲ ದಿನ ಅವರವರ ಫೋನ್ ಹಿಡಿದು ಮೂಲೆ ಸೇರಿದ್ದರು. ಬೆಟ್ಟವನ್ನು ನಾನು ಇಷ್ಟೆಲ್ಲ ಕಷ್ಟಪಟ್ಟು ಸೇರಿಸಿದ್ದೇ ಈ ಚಾಪೆಗಾಗಿ.

ಶನಿವಾರ ಊಟದ ಮೊದಲು ಹೊತ್ತು ಸಿಕ್ಕರೆ ಬೆಳವಾಡಿಯ ವೀರನಾರಾಯಣನನ್ನು ನೋಡಿ ಬನ್ನಿ. ಹೊಯ್ಸಳರ ಗುಡಿ, ಬೇಲೂರಿನಷ್ಟು ಜನ ಇರುವುದಿಲ್ಲ. ಕಡೂರಿನ ಕಡೆ ಹೋಗುವವರು ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಗೆ ತಿರುಗಬಹುದು. ಅದೂ ಇದೇ ಬೆಟ್ಟಗಳ ನೀರು. ನಾವು ಅಲ್ಲಿ ಏರಿ ಮೇಲೆ ನಿಂತು ಉಳಿದ ಕೊಬ್ಬರಿ ಮಿಠಾಯಿ ಮುಗಿಸಿದೆವು.

ದುಡ್ಡು ಮತ್ತು ಪಾತ್ರೆ

ಖರ್ಚಿಗೆ ಒಂದೇ ಖಾತೆ, ಒಂದೇ ಪುಸ್ತಕ. ನಮ್ಮದು ತಲೆಗೆ 4,500 ರೂಪಾಯಿ ಆಯಿತು. ಎರಡು ರಾತ್ರಿ ಉಳಿಯುವುದು, ಊಟ, ಅಲ್ಲಿ ಓಡಾಡುವ ಗಾಡಿ ಎಲ್ಲ ಸೇರಿ. ಅವರವರ ಊರಿನಿಂದ ಬರುವ ಖರ್ಚು ಅವರವರದು. ಐದರಿಂದ ಹನ್ನೆರಡು ವರ್ಷದವರಿಗೆ ಅರ್ಧ, ಎಪ್ಪತ್ತೈದು ದಾಟಿದವರಿಗೆ ಏನೂ ಇಲ್ಲ. ಅವರ ಪಾಲನ್ನು ಉಳಿದವರು ಹಂಚಿಕೊಂಡೆವು. ಅರ್ಧ ದುಡ್ಡು ಎರಡು ತಿಂಗಳು ಮೊದಲೇ ವಸೂಲಿ ಮಾಡಿ. ದುಡ್ಡು ಹಾಕಿದವರು ಬಂದೇ ಬರುತ್ತಾರೆ, "ಬರ್ತೀನಿ ಬಿಡು" ಅಂದವರು ಅರ್ಧ ಜನ ಬರುವುದಿಲ್ಲ. ಮುಗಿದ ಮೇಲೆ ಲೆಕ್ಕದ ಫೋಟೋ ಗುಂಪಿಗೆ ಹಾಕಿಬಿಡಿ, ಟೀ ಖರ್ಚಿನ ತನಕ. ನಮ್ಮಲ್ಲಿ 1,340 ರೂಪಾಯಿ ಉಳಿಯಿತು. ಮುಂದಿನ ಸಲದ ಮುಂಗಡಕ್ಕೆ ಅಂತ ನನ್ನ ಹತ್ತಿರವೇ ಇದೆ.

ತಿಂಡಿ ತರುವವರಿಗೆ ಪಾತ್ರೆಯ ಮೇಲೆ ಹೆಸರು ಇರಲಿ ಅಂತ ಹೇಳಿ, ಪೂರ್ತಿ ಹೆಸರು. ನಮ್ಮ ಮನೆಗೆ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಬಂದಿದೆ. ಮೇಲೆ ಚುಕ್ಕಿ ಚುಕ್ಕಿಯಾಗಿ "ಕೆ.ಎಸ್." ಅಂತ ಕೊರೆಸಿದ್ದಾರೆ. ನಮ್ಮಲ್ಲಿ ಕೆ.ಎಸ್. ಮೂವರಿದ್ದಾರೆ. ಮೂವರೂ ತಮ್ಮದಲ್ಲ ಅನ್ನುತ್ತಾರೆ. ಮುಚ್ಚಳ ಇಲ್ಲದ ಡಬ್ಬಿ ಯಾರ ಮನೆಯಲ್ಲಿದೆ ಅಂತ ನಾನು ಇನ್ನೂ ಕೇಳುತ್ತಲೇ ಇದ್ದೇನೆ.